ಚಿಹ್ನೆ ಹಿಡಿದು ಬರುವವರೇ, ಊರಿನ ಲೆಕ್ಕವನ್ನೂ ಹಿಡಿದು ಬನ್ನಿ

ನಮ್ಮ ತಾಲ್ಲೂಕಿನ ಬ್ಲಾಕ್ ಕಾಂಗ್ರೆಸ್ ಅಧ್ಯಕ್ಷರಿಗೆ, ಬಿಜೆಪಿ ಮಂಡಲ ಅಧ್ಯಕ್ಷರಿಗೆ, ಜೆಡಿಎಸ್ ತಾಲ್ಲೂಕು ಅಧ್ಯಕ್ಷರಿಗೆ,

ನಮಸ್ಕಾರ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದಿದ್ದರೆ ಒಬ್ಬರಿಗೆ ಬರೆದಿದ್ದನ್ನು ಇನ್ನೊಬ್ಬರು ಹಿಡಿದುಕೊಂಡು ಊರೆಲ್ಲ ತೋರಿಸುತ್ತಿದ್ದರು. ಹಾಗಾಗುವುದು ನನಗೆ ಇಷ್ಟವಿಲ್ಲ. ನಾನು ಬಸ್ ನಿಲ್ದಾಣದ ಪಕ್ಕದ ಪುರಸಭೆ ಮಳಿಗೆಯಲ್ಲಿ ನೋಟ್‌ಬುಕ್ಕು, ಪೆನ್ನು ಮಾರುವವನು. ಮನೆ ಇರುವುದು 11ನೇ ವಾರ್ಡಿನಲ್ಲಿ. ಪ್ರತಿ ವರ್ಷ ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟುತ್ತೇನೆ, ಶೇ 5 ರಿಯಾಯಿತಿ ಸಿಗುತ್ತದೆ. ಊರಿನ ಹೆಸರು ಇಲ್ಲಿ ಬರೆದಿಲ್ಲ. ನಾನು ಹೇಳುವುದು ನಮ್ಮೂರೊಂದರ ಕಥೆ ಅಲ್ಲ. ಯಾರನ್ನೋ ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದೂ ನನಗೆ ಬೇಕಿಲ್ಲ.

ಹೋದ ಮಂಡಳಿಯ ಅವಧಿ ಮುಗಿದು ಪುರಸಭೆಗೆ ಮತ್ತೆ ಆಡಳಿತಾಧಿಕಾರಿ ಬಂದಿದ್ದಾರೆ, ಅಂದರೆ ಗೆದ್ದ ಸದಸ್ಯರ ಬದಲು ಸರ್ಕಾರಿ ಅಧಿಕಾರಿಯೊಬ್ಬರು. ಸರ್ಕಲ್‌ನಲ್ಲಿ ಆಗಲೇ ಫ್ಲೆಕ್ಸ್ ಎದ್ದಿವೆ. ಹೋಟೆಲ್‌ಗಳಲ್ಲಿ ಬೆಳಿಗ್ಗೆ ಟೀ ಕುಡಿಯುವಾಗ ಒಂದೇ ಮಾತು: ಯಾವ ವಾರ್ಡು ಯಾರಿಗೆ ಮೀಸಲು ಬರುತ್ತದೆ, ಯಾರಿಗೆ ಟಿಕೆಟ್ ಸಿಗುತ್ತದೆ. ನನ್ನ ತಲೆಯಲ್ಲಿ ಇರುವುದು ಬೇರೆ ಪ್ರಶ್ನೆ. ನಿಮ್ಮ ಹತ್ತಿರ ಟಿಕೆಟ್ ಕೇಳಲು ಬಂದಿರುವವರಲ್ಲಿ ಎಷ್ಟು ಜನ ಈ ಊರಿನ ಒಂದು ವರ್ಷದ ಬಜೆಟ್ಟನ್ನು ಕೂತು ಓದಿದ್ದಾರೆ?

ಈ ಪ್ರಶ್ನೆ ನನಗೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಚರಂಡಿಯಿಂದ ಹುಟ್ಟಿದ್ದು.

ಹೋದ ಮಂಡಳಿ ಇದ್ದಾಗ ನಮ್ಮ ಬೀದಿಗೆ ಹೊಸ ಬಾಕ್ಸ್ ಚರಂಡಿ ಆಯಿತು. ಮೇಲಿನ ಓಣಿಯಿಂದ ಶುರುವಾಗಿ ನಮ್ಮ ಮನೆ ದಾಟಿ ಇಳಿಜಾರಿನಲ್ಲಿ ಹೋಗಿ ವಾರ್ಡಿನ ಗಡಿಗೆ ನಿಂತುಬಿಟ್ಟಿತು. ಅಲ್ಲಿಂದ ದೊಡ್ಡ ಮೋರಿಗೆ ಇನ್ನು ಎಂಬತ್ತು ಹೆಜ್ಜೆ ಇದ್ದಿರಬಹುದು. ಆದರೆ ಅಲ್ಲಿಂದಾಚೆ 12ನೇ ವಾರ್ಡು, ಅಲ್ಲಿನ ಸದಸ್ಯರು ಬೇರೆ ಪಕ್ಷದವರು. ಮೊದಲು ಮಣ್ಣಿನ ಮೋರಿ ಇದ್ದಾಗ ನೀರು ಅಲ್ಲಲ್ಲಿ ಇಂಗಿ, ಅಲ್ಲಲ್ಲಿ ನಿಂತು ನಿಧಾನಕ್ಕೆ ಹೋಗುತ್ತಿತ್ತು. ಕಾಂಕ್ರೀಟ್ ಆದಮೇಲೆ ಇಡೀ ಬೀದಿಯ ನೀರು ಒಂದೇ ಸಲಕ್ಕೆ ನುಗ್ಗಿ ಆ ಕೊನೆಗೆ ಬಂದು ಉಕ್ಕತೊಡಗಿತು. ಮೊದಲ ದೊಡ್ಡ ಮಳೆಗೇ ಗಡಿಯಾಚೆಯ ಮೊದಲ ಮನೆಗೆ ನುಗ್ಗಿತು. ಆ ಮನೆಯ ಅಜ್ಜಿ ರೇಷನ್ ಅಕ್ಕಿ ಚೀಲ ಎತ್ತಿಡುವಷ್ಟರಲ್ಲಿ ಅರ್ಧ ನೆನೆದಿತ್ತು. ನಾವೆಲ್ಲ ಹೋಗಿ ನೀರು ಎತ್ತಿ ಹಾಕಿದೆವು. ಅಜ್ಜಿ ಯಾರನ್ನೂ ಬೈಯಲಿಲ್ಲ. "ಈ ನೀರು ಎಲ್ಲಿಗೆ ಹೋಗ್ಬೇಕು ಅಂತ ಕಟ್ಟಿದ್ರಪ್ಪ?" ಅಂತ ಕೇಳಿದರು, ಅಷ್ಟೇ.

ನಮ್ಮ ಸದಸ್ಯರ ಹತ್ತಿರ ಹೋದೆ. "ಅಣ್ಣ, ಮುಂದಿನದು ನನ್ನ ವಾರ್ಡಲ್ಲ, ನಾನೇನು ಮಾಡಲಿ" ಅಂದರು. 12ನೇ ವಾರ್ಡಿನ ಸದಸ್ಯರ ಹತ್ತಿರ ಹೋದೆ. "ನನ್ನ ವಾರ್ಡಿಗೆ ಈ ವರ್ಷ ಹಣವನ್ನೇ ಹಾಕಿಲ್ಲ, ನಾವು ಅಧಿಕಾರದಲ್ಲಿ ಇಲ್ವಲ್ಲ" ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಅದೇ ನನಗೆ ಜಾಸ್ತಿ ಬೇಸರ ತಂದಿದ್ದು. ಇಬ್ಬರೂ ಒಳ್ಳೆಯವರೇ, ಕರೆದರೆ ಬರುವವರೇ. ಆದರೆ ಇಡೀ ಬೀದಿಯ ನೀರನ್ನು ಮೋರಿ ಮುಟ್ಟಿಸುವ ಕೆಲಸ ಯಾರದ್ದೂ ಆಗಿರಲಿಲ್ಲ.

ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಬಜೆಟ್ ಪ್ರತಿಯನ್ನೂ ಕ್ರಿಯಾ ಯೋಜನೆಯನ್ನೂ ತೆಗೆಸಿಕೊಂಡೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಅವಳು ಬಿ.ಕಾಂ. ಓದುತ್ತಿದ್ದಾಳೆ, ಕೆಲವು ಕಾಲಂ ಅವಳೇ ಬಿಡಿಸಿ ಹೇಳಿದಳು. ಚರಂಡಿ ಯಾಕೆ ಅಲ್ಲಿ ನಿಂತಿತು ಅಂತ ಆಗ ಅರ್ಥವಾಯಿತು. ಕಾಮಗಾರಿಗಳ ಪಟ್ಟಿಯಲ್ಲಿ ಊರು ಅನ್ನುವುದೇ ಇರಲಿಲ್ಲ. ಇದ್ದಿದ್ದು ವಾರ್ಡುಗಳು ಮಾತ್ರ. ಅಧಿಕಾರದಲ್ಲಿ ಇದ್ದವರ ವಾರ್ಡಿಗೆ ಒಂದು ತುಂಡು ಜಾಸ್ತಿ, ಇಲ್ಲದವರ ವಾರ್ಡಿಗೆ ಒಂದು ತುಂಡು ಕಡಿಮೆ. ಗಲಾಟೆ ಜಾಸ್ತಿ ಆದ ವರ್ಷ ಎಲ್ಲರಿಗೂ ಸಮಪಾಲು.

ಸಮಪಾಲು ಅಂದರೆ ನ್ಯಾಯವೇ ಅಲ್ವಾ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಒಂದು ಉದಾಹರಣೆ ತೆಗೆದುಕೊಳ್ಳಿ. 23 ವಾರ್ಡಿಗೆ ತಲಾ 5 ಲಕ್ಷ ಹಂಚಿದರೆ ಒಟ್ಟು 1 ಕೋಟಿ 15 ಲಕ್ಷ. ದೊಡ್ಡ ಮೊತ್ತ. ಆದರೆ 5 ಲಕ್ಷಕ್ಕೆ ಎಷ್ಟು ಕೆಲಸ ಆಗುತ್ತದೆ? ಒಂದು ತುಂಡು ಚರಂಡಿ, ಇಲ್ಲವೇ ಒಂದು ಗಲ್ಲಿಗೆ ಇಂಟರ್‌ಲಾಕ್. ಅಷ್ಟಕ್ಕೇ ಮುಗಿಯಿತು. ಕಸ ವಿಲೇವಾರಿ ಘಟಕ ಸರಿಮಾಡುವುದು, ಹಳೇ ನೀರಿನ ಪೈಪ್ ಬದಲಿಸುವುದು, ಊರಿನ ಮಳೆನೀರನ್ನೆಲ್ಲ ಕೆರೆಗೆ ಸೇರಿಸುವುದು, ಇವು ಯಾವ ವಾರ್ಡಿನ ಪಾಲಿಗೂ ಬರುವುದಿಲ್ಲ. ಯಾವ ಸದಸ್ಯರೂ ಅದನ್ನು ತನ್ನ ಕೆಲಸ ಅಂತ ಬೋರ್ಡ್ ಹಾಕಿಸಲು ಆಗುವುದಿಲ್ಲ. ಇಡೀ ಊರನ್ನು ನೋಡುವುದಕ್ಕೆ ತಾನೇ ಪಕ್ಷ ಇರಬೇಕಿತ್ತು?

ಪಕ್ಷ ಬೇಡ ಅನ್ನುವವನು ನಾನಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಪುರಸಭೆಗೂ ಹಾಗೇ ಮಾಡಿಬಿಡಿ ಅಂತ ನನ್ನ ಗೆಳೆಯರು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಿಹ್ನೆ ತೆಗೆದರೂ ಪಕ್ಷ ಒಳಗೇ ಇರುತ್ತದೆ ಅಂತ ಪಕ್ಕದ ಹಳ್ಳಿಗಳಲ್ಲಿ ನೋಡಿದ್ದೇವೆ. ಚಿಹ್ನೆ ಇದ್ದರೆ ನಾನು ಕೇಳಲು ಒಂದು ವಿಳಾಸವಾದರೂ ಇರುತ್ತದೆ. ಈ ಪತ್ರ ನಿಮಗೆ ಬರೆಯಲು ಆಗಿದ್ದೂ ಅದರಿಂದಲೇ.

ನಿಮ್ಮ ಪರಂಪರೆಯಲ್ಲೇ ಒಳ್ಳೆಯ ಉದಾಹರಣೆಗಳಿವೆ. ಬಿಜೆಪಿಯವರು ನೆನಪು ಮಾಡಿಕೊಳ್ಳಲಿ: ಉಡುಪಿಯಲ್ಲಿ ನಿಮ್ಮ ಹಿಂದಿನ ಪಕ್ಷ ಜನಸಂಘದ ವಿ.ಎಸ್. ಆಚಾರ್ಯ ಪುರಸಭೆ ಅಧ್ಯಕ್ಷರಾಗಿದ್ದಾಗಲೇ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಕಾಂಗ್ರೆಸ್ಸಿನವರಿಗೆ ಬಿ. ಬಸವಲಿಂಗಪ್ಪ ಇದ್ದಾರೆ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿ ಅವರು ಇಡೀ ರಾಜ್ಯದಲ್ಲೇ ಆ ಪದ್ಧತಿಯನ್ನು ನಿಷೇಧಿಸಿದರು. ಜೆಡಿಎಸ್‌ನವರಿಗೆ, ನೀವು ಹುಟ್ಟಿಬಂದ ಜನತಾ ಪರಿವಾರದ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು, ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಡಿಸಿದವರು. ಮೂವರೂ ಪಕ್ಷದವರೇ. ಒಂದು ವಾರ್ಡಿನ, ಒಂದು ಓಣಿಯ ಲೆಕ್ಕ ಇಟ್ಟುಕೊಂಡು ಕೂತಿದ್ದರೆ ಇವರಿಂದ ಈ ಕೆಲಸ ಆಗುತ್ತಿರಲಿಲ್ಲ. ಅವರ ಫೋಟೊ ನಿಮ್ಮ ಕಚೇರಿಗಳಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಸಂತೋಷ.

ಈಗ ನಿಮ್ಮ ಪಕ್ಷಗಳು ಪುರಸಭೆಯಲ್ಲಿ ಜೋರಾಗಿ ಕಾಣಿಸುವುದು ಒಂದೇ ದಿನ, ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆ ದಿನ. ಅದಕ್ಕೆ ವಾರದ ಮೊದಲೇ ಸದಸ್ಯರನ್ನು ಟೆಂಪೋ ಟ್ರಾವೆಲರ್‌ನಲ್ಲಿ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೀರಿ. ಇಂಥವರಿಗೇ ಮತ ಹಾಕಬೇಕು ಅಂತ ಪಕ್ಷದ ಆದೇಶ, ಅಂದರೆ ವಿಪ್ ಕೊಡುತ್ತೀರಿ. ಮನೆಯಲ್ಲಿ ಇಲ್ಲದಿದ್ದರೆ ಬಾಗಿಲಿಗೆ ಅಂಟಿಸಿ ಫೋಟೊ ತೆಗೆದುಕೊಳ್ಳುತ್ತೀರಿ. 1987ರ ಪಕ್ಷಾಂತರ ನಿಷೇಧ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಇದೆ ಅಂತ ಅವತ್ತು ಎಲ್ಲರಿಗೂ ನೆನಪಾಗುತ್ತದೆ. ಶಾಸಕರು, ಸಂಸದರು ಎಷ್ಟೇ ಕೆಲಸ ಇದ್ದರೂ ಬಂದು ತಮ್ಮ ಒಂದೊಂದು ಮತ ಹಾಕಿ ಹೋಗುತ್ತಾರೆ. ಇಷ್ಟು ಶ್ರದ್ಧೆ, ಇಷ್ಟು ಶಿಸ್ತು ನಿಮ್ಮಲ್ಲಿ ಇದೆ ಅಂತ ಊರಿಗೆ ಗೊತ್ತು. ಅದನ್ನೇ ಬಜೆಟ್ ದಿನ ಯಾಕೆ ತೋರಿಸುವುದಿಲ್ಲ?

ನಾನು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿದ್ದೇನೆ. ನಾವು ಕೆಲವು ಅಂಗಡಿಯವರು, ಇಬ್ಬರು ಮೂವರು ಪತ್ರಕರ್ತರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ನಿವೃತ್ತ ಮೇಷ್ಟ್ರು ಒಬ್ಬರು. ಅಷ್ಟೇ ಜನ. ಒಂದು ಪಕ್ಷದಿಂದಲೂ ಯಾರಾದರೂ ಬಂದು "ನಮ್ಮ ಪಕ್ಷದ ಸಲಹೆ ಇದು" ಅಂತ ಒಂದು ಹಾಳೆ ಕೊಟ್ಟಿದ್ದು ನಾನು ನೋಡಿಲ್ಲ. ಬಜೆಟ್ ಮಂಡನೆಯ ದಿನ ಅಧ್ಯಕ್ಷರು ಓದುತ್ತಾರೆ. ಉಳಿತಾಯ ಬಜೆಟ್ ಅಂತ ಪ್ರಕಟಿಸುತ್ತಾರೆ. ಒಂದು ಕಡೆಯವರು ಮೇಜು ತಟ್ಟುತ್ತಾರೆ, ಇನ್ನೊಂದು ಕಡೆಯವರು "ಹೋದ ವರ್ಷದ್ದೇ ಮತ್ತೆ ಓದಿದ್ದೀರಿ" ಅನ್ನುತ್ತಾರೆ. ಆದರೆ ಹೋದ ವರ್ಷದ್ದು ಎಷ್ಟು ಆಯಿತು, ಎಷ್ಟು ಬಿಟ್ಟುಹೋಯಿತು ಅಂತ ಕಲಂವಾರು ಕೇಳುವವರಿಲ್ಲ. ಉಳಿತಾಯ ಅನ್ನುವುದನ್ನು ನಾವು ಹೊಗಳುವುದೂ ತಪ್ಪೇ. ಒಂದು ಊರಿನಲ್ಲಿ ನೀರಿಗೆ ಇಟ್ಟ ಹಣ ನೀರಿಗೆ ಖರ್ಚಾಗದೆ ಉಳಿದಿದ್ದರೆ ಅದನ್ನು ಉಳಿತಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ ಆ ಹಾಳೆಗಳಿಂದ ಕಲಿತೆ. ಬಜೆಟ್ಟಿನ ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಊರಿನವರು ಕೂತು ತೀರ್ಮಾನ ಮಾಡುವಂಥ ಹಣ ಅದರಲ್ಲಿ ಕಡಿಮೆ. ಕೇಂದ್ರದ 15ನೇ ಹಣಕಾಸು ಆಯೋಗದಿಂದ ನಮ್ಮಂಥ ಸಣ್ಣ ಊರುಗಳಿಗೆ ಬಂದ ಅನುದಾನದಲ್ಲಿ 2021-22ರಿಂದ ಶೇ 60 ಭಾಗ ಕುಡಿಯುವ ನೀರಿಗೆ ಮತ್ತು ಸ್ವಚ್ಛತೆಗೆ ಅಂತಲೇ ಕಟ್ಟಿಟ್ಟಿದ್ದು. ಸಂಬಳದ ಹಣ ಸಂಬಳಕ್ಕೆ, ವಿದ್ಯುತ್ ಬಿಲ್ಲಿನ ಹಣ ಬಿಲ್ಲಿಗೆ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು. ಇವು ಇರಬೇಕಾದದ್ದೇ. ಈ ಮೀಸಲು ಹಣ ಪೂರ್ತಿ ಅವರಿಗೇ ತಲುಪಿತಾ ಅಂತ ನೋಡುವುದೂ ನಿಮ್ಮ ಸದಸ್ಯರ ಕೆಲಸವೇ. ಇಷ್ಟೆಲ್ಲ ಕಳೆದ ಮೇಲೆ ಊರಿಗೆ ತನ್ನದು ಅಂತ ಉಳಿಯುವುದು ಸ್ವಂತ ಆದಾಯ: ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಸಂತೆ ಸುಂಕ.

ಆ ಸ್ವಂತ ಆದಾಯಕ್ಕೆ ಅಡ್ಡ ನಿಲ್ಲುವುದರಲ್ಲಿ ಮಾತ್ರ ಮೂರೂ ಪಕ್ಷದವರು ಒಂದಾಗುತ್ತೀರಿ. ನೀರಿನ ಕರ ಸ್ವಲ್ಪ ಏರಿಸೋಣ ಅಂದರೆ ಎಲ್ಲರದ್ದೂ ವಿರೋಧ. ಬಾಕಿ ಇಟ್ಟ ದೊಡ್ಡ ಕಟ್ಟಡದವರಿಗೆ ನೋಟಿಸ್ ಹೋದರೆ ಫೋನು ಬರುತ್ತದೆ. ಫೋನು ಮಾಡಿದವರು ಯಾರು ಅನ್ನುವುದು ಇಲ್ಲಿ ಬೇಡ.

ಮಳಿಗೆಗಳ ವಿಷಯವನ್ನು ನಾನು ಹೇಳಲೇಬೇಕು, ನಾನೇ ಮಳಿಗೆಯಲ್ಲಿ ಇರುವವನು. 12 ವರ್ಷಕ್ಕೊಮ್ಮೆ ಹರಾಜು ಆಗಬೇಕು ಅಂತಿದೆ. ಎಷ್ಟು ಊರುಗಳಲ್ಲಿ ಆಗುತ್ತಿದೆ? ಹಳೇ ಬಾಡಿಗೆಗೆ ಹಿಡಿದವರು ಒಳಬಾಡಿಗೆಗೆ ಕೊಟ್ಟು ಹಲವು ಪಟ್ಟು ದುಡ್ಡು ಎಣಿಸುತ್ತಾರೆ. ಪುರಸಭೆಗೆ ಹೋಗುವುದು ಅದೇ ಹಳೇ ಚಿಲ್ಲರೆ. ಪ್ರತಿ ಸಲ ಹರಾಜಿನ ಮಾತು ಬಂದಾಗ ನಮ್ಮ ವರ್ತಕರ ಕಡೆಯಿಂದ ನಿಮ್ಮ ಮೂವರ ಹತ್ತಿರವೂ ನಿಯೋಗ ಬಂದಿದೆ. ಮುಂದೂಡಿಸಿದ್ದೀರಿ. ನಿಜ ಹೇಳುತ್ತೇನೆ, ಹರಾಜಾದರೆ ನನ್ನ ಬಾಡಿಗೆಯೂ ಏರುತ್ತದೆ, ಮಳಿಗೆ ಕೈತಪ್ಪಲೂಬಹುದು. ನನಗೆ ಭಯ ಇದೆ. ಆದರೂ ನನ್ನ ಹಳೇ ಬಾಡಿಗೆ ಉಳಿಯುವುದಕ್ಕಾಗಿ ಆ ಅಜ್ಜಿಯ ಮನೆಗೆ ನೀರು ನುಗ್ಗಬೇಕು ಅಂತ ನಾನು ಹೇಗೆ ಕೇಳಲಿ? ಹರಾಜು ಮಾಡಿ. ಸ್ವತಃ ಅಂಗಡಿ ನಡೆಸುವವರಿಗೆ ಏನಾದರೂ ರಕ್ಷಣೆ ಕೊಡಲು ಕಾನೂನಿನಲ್ಲಿ ಅವಕಾಶ ಇದ್ದರೆ ಕೊಡಿ. ಆದರೆ ಒಳಬಾಡಿಗೆಯವರನ್ನು ಕಾಪಾಡಬೇಡಿ. ಮುಂದಿನ ಪ್ರಣಾಳಿಕೆಯಲ್ಲಿ ಈ ಒಂದು ಸಾಲು ಬರೆಯುವ ಧೈರ್ಯ ಯಾವ ಪಕ್ಷಕ್ಕೆ ಇದೆ ನೋಡೋಣ. ನನ್ನ ವೋಟು ಆ ಕಡೆಗೆ.

ಫ್ಲೆಕ್ಸ್ ಬಗ್ಗೆಯೂ ಒಂದು ಮಾತು. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಇದೆ. ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸ್ ತೆಗೆಯುವವರು ನಮ್ಮ ಪೌರಕಾರ್ಮಿಕರು. ಅವರಿಗೆ ಗ್ಲೌಸ್ ಇಲ್ಲ ಅಂತ ಸಭೆಯಲ್ಲಿ ಪ್ರತಿ ವರ್ಷ ಕೂಗಾಡುವುದೂ ನಿಮ್ಮವರೇ. ದಯವಿಟ್ಟು ಫ್ಲೆಕ್ಸ್ ನಿಲ್ಲಿಸಿ.

ಈಗ ಚುನಾವಣೆಯ ವಿಷಯ. 2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳ ಜತೆ ನಾವೂ ವೋಟು ಹಾಕಿದೆವು. ಗೆದ್ದವರು ಮೆರವಣಿಗೆ ಮಾಡಿದರು. ಆಮೇಲೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿತು. ಎರಡು ವರ್ಷ ಸದಸ್ಯರು ಸದಸ್ಯರಾಗಿಯೂ ಏನೂ ಆಗಿರಲಿಲ್ಲ. ಅಧ್ಯಕ್ಷರು ಬಂದಿದ್ದು 2020ರ ಅಕ್ಟೋಬರ್, ನವೆಂಬರ್ ಹೊತ್ತಿಗೆ. ಅಧ್ಯಕ್ಷರ 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಜಾಸ್ತಿ ಆಡಳಿತಾಧಿಕಾರಿ. ಬೆರಳು ಮಡಚಿ ಲೆಕ್ಕ ಹಾಕಿ. ನಮ್ಮಂಥ ಊರಿನಲ್ಲಿ 2019-20ರಿಂದ 2025-26ರವರೆಗೆ 7 ಬಜೆಟ್. ಅದರಲ್ಲಿ 2019-20, 2020-21, 2024-25, ಈ 3 ಬಜೆಟ್ ಆಗುವಾಗ ಅಧ್ಯಕ್ಷರ ಕುರ್ಚಿ ಖಾಲಿ.

ಈ ಅವಧಿಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್, ಜೆಡಿಎಸ್ ಸೇರಿದ ಸಮ್ಮಿಶ್ರ ಸರ್ಕಾರ ಇತ್ತು, ಆಮೇಲೆ ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ. ಅಂದರೆ ಮೂವರೂ ಇದ್ದಿರಿ. ವಿರೋಧ ಪಕ್ಷದಲ್ಲಿ ಇದ್ದಾಗ ಚುನಾವಣೆ ಮಾಡಿ ಅನ್ನುತ್ತೀರಿ, ಅಧಿಕಾರಕ್ಕೆ ಬಂದ ಮೇಲೆ ಕೋರ್ಟು, ಮೀಸಲಾತಿ, ವಾರ್ಡ್ ವಿಂಗಡಣೆ ಅನ್ನುತ್ತೀರಿ. ರಾಜಧಾನಿಯಲ್ಲೇ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಎಷ್ಟು ವರ್ಷ ಕಳೆಯಿತು ನೋಡಿ. ಒಂದೇ ಪಾಲಿಕೆ ಒಡೆದು ಐದಾಯಿತು, ಅಷ್ಟರವರೆಗೂ ಒಂದು ಚುನಾವಣೆ ಆಗಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನೇ ಖಡಕ್ಕಾಗಿ ಹೇಳಿದೆ. ಆಡಳಿತಾಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಮಾಡಲು ಬೇರೆ ನೂರು ಕೆಲಸ ಇವೆ. ಚರಂಡಿ ಅರ್ಧಕ್ಕೆ ನಿಂತಿದೆ ಅಂತ ರಾತ್ರಿ ಒಂಬತ್ತಕ್ಕೆ ಅವರ ಮನೆ ಬಾಗಿಲು ತಟ್ಟಲು ನನಗೆ ಆಗುವುದಿಲ್ಲ. ಸದಸ್ಯರ ಮನೆಯದ್ದು ತಟ್ಟಬಹುದು.

ಹಾಗಾಗಿ ನಿಮ್ಮ ಮೇಲಿನವರಿಗೆ ನೀವು ಮೂವರೂ ಪತ್ರ ಬರೆಯಿರಿ. ತಾಲ್ಲೂಕು ಅಧ್ಯಕ್ಷರು ಒಟ್ಟಿಗೆ ಸಹಿ ಹಾಕಿ ಕಳಿಸಿದರೆ ಅದಕ್ಕೆ ತೂಕ ಇರುತ್ತದೆ. ಇನ್ನು ಚುನಾವಣೆ ಘೋಷಣೆ ಆಗುವವರೆಗೆ ಇರುವ ದಿನಗಳನ್ನು ವ್ಯರ್ಥ ಮಾಡಬೇಡಿ. ಟಿಕೆಟ್ ಕೇಳಲು ಬಂದವರ ಕೈಗೆ ಪುರಸಭೆಯ ಬಜೆಟ್ ಪ್ರತಿ ಕೊಡಿ. ಒಂದು ವಾರ ಬಿಟ್ಟು ಕರೆಸಿ, ಸ್ವಂತ ಆದಾಯ ಎಷ್ಟು, ಕಂದಾಯ ಎಷ್ಟು ಬಾಕಿ, ಕಸಕ್ಕೆ ಎಷ್ಟು ಹೋಗುತ್ತದೆ ಅಂತ ಕೇಳಿ. ಓದಲು ಕಷ್ಟ ಆಗುವವರು ಇದ್ದರೆ ಪಕ್ಷದವರೇ ಕೂರಿಸಿಕೊಂಡು ಹೇಳಿಕೊಡಿ. ಮೀಸಲಾತಿಯಿಂದ ಗೆದ್ದು ಬರುವ ಹೆಣ್ಣುಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡಿ, ಅವರ ಬದಲು ಅವರ ಗಂಡಂದಿರಿಗೆ ಅಲ್ಲ. ನಮ್ಮ ಸಂಘದ ಹೆಣ್ಣುಮಕ್ಕಳು ಪ್ರತಿ ವಾರ ಪೈಸೆ ಪೈಸೆ ಲೆಕ್ಕ ಬರೆಯುವುದನ್ನು ನೋಡಿದ್ದೇನೆ. ಊರಿನ ಲೆಕ್ಕ ಅವರಿಗೆ ಭಾರವಾಗುವುದಿಲ್ಲ.

ನಿಮ್ಮ ಪ್ರಣಾಳಿಕೆಯಲ್ಲಿ ಮಾಡುತ್ತೇವೆ, ಮಾಡುತ್ತೇವೆ ಅಂತ ಮಾತ್ರ ಬರೆಯಬೇಡಿ. ಪಕ್ಕದಲ್ಲೇ ಹಣ ಎಲ್ಲಿಂದ ಬರುತ್ತದೆ ಅಂತಲೂ ಬರೆಯಿರಿ. ಕರ ಏರಿಸುವುದಾದರೆ ಏರಿಸುತ್ತೇವೆ ಅನ್ನಿ. ಯಾಕೆ ಅಂತ ಬಿಡಿಸಿ ಹೇಳಿದರೆ ನಾವು ಕೇಳುತ್ತೇವೆ, ಊರಿನವರು ಅಷ್ಟು ಕಠಿಣ ಮನಸ್ಸಿನವರಲ್ಲ. ಗೆದ್ದ ಮೇಲೆ ವರ್ಷಕ್ಕೊಂದು ಸಲವಾದರೂ ಊರಿನ ಒಟ್ಟು ಕೆಲಸಕ್ಕೆ ಅಂತ ಒಂದು ಪಾಲನ್ನು ವಾರ್ಡುಗಳ ಹಂಚಿಕೆಗೆ ಮೊದಲೇ ಎತ್ತಿಡಿ. ಸೋತ ಪಕ್ಷದವರು ಬರೀ ಧಿಕ್ಕಾರ ಕೂಗುವ ಬದಲು, ನಮ್ಮ ಬಜೆಟ್ ಆಗಿದ್ದರೆ ಹೀಗೆ ಇರುತ್ತಿತ್ತು ಅಂತ ನಾಲ್ಕು ಹಾಳೆ ಅಚ್ಚು ಹಾಕಿಸಿ. ಖರ್ಚಿಗೆ ಕಷ್ಟ ಆದರೆ ಕಾಗದ ನಾನು ಕೊಡುತ್ತೇನೆ, ಅಂಗಡಿಯಲ್ಲಿ ಇದೆ.

ಕೊನೆಗೆ ಒಂದು ಕರೆ. ನಮ್ಮ ಬೀದಿಯಲ್ಲಿ ಗಣಪತಿ ಕೂರಿಸುವ ಜಾಗ ನಿಮಗೆಲ್ಲ ಗೊತ್ತು, ಮೂವರೂ ಅಲ್ಲಿ ಬಂದು ಪ್ರಸಾದ ತೆಗೆದುಕೊಂಡಿದ್ದೀರಿ. ಅಲ್ಲೇ ಕುರ್ಚಿ ಹಾಕಿಸುತ್ತೇವೆ. ಯಾವ ಭಾನುವಾರ ಆಗುತ್ತದೆ ಅಂತ ನೀವೇ ಮಾತಾಡಿಕೊಂಡು ತಿಳಿಸಿ. ಮೈಕ್ ಬೇಡ, ಹಾರ ಬೇಡ. ಬಜೆಟ್ ಪ್ರತಿ ನನ್ನ ಹತ್ತಿರ ಇದೆ, ನಿಮಗೆ ಒಂದೊಂದು ಜೆರಾಕ್ಸ್ ಮಾಡಿಸಿ ಇಟ್ಟಿರುತ್ತೇನೆ. ಮೊದಲು ಎದ್ದು ಆ ಚರಂಡಿ ನಿಂತ ಜಾಗದವರೆಗೆ ನಡೆದು ಹೋಗೋಣ. ಅಲ್ಲಿಂದ ದೊಡ್ಡ ಮೋರಿಗೆ ಎಂಬತ್ತು ಹೆಜ್ಜೆ. ಅದನ್ನೂ ಒಟ್ಟಿಗೆ ನಡೆಯೋಣ. ಅಜ್ಜಿ ಮನೆಯಲ್ಲೇ ಇರುತ್ತಾರೆ, ಅವರು ಕೇಳಿದ ಪ್ರಶ್ನೆಗೆ ನೀವೇ ಉತ್ತರ ಕೊಡಿ. ಆಮೇಲೆ ಬಂದು ಲೆಕ್ಕಕ್ಕೆ ಕೂರೋಣ.

ಇಂತಿ,
11ನೇ ವಾರ್ಡಿನ ಒಬ್ಬ ತೆರಿಗೆದಾರ,
ಬಸ್ ನಿಲ್ದಾಣದ ಪಕ್ಕದ ಪುರಸಭೆ ಮಳಿಗೆಯ ಬಾಡಿಗೆದಾರ